ಆರು ಮೂಲೆನಾ, ಹನ್ನೆರಡು ಮೂಲೆನಾ? ಸಾಕೆಟ್‌ಗೆ ಒಂದು ನ್ಯಾಯ, ರಿಂಗ್ ಸ್ಪ್ಯಾನರ್‌ಗೆ ಇನ್ನೊಂದು

ಸಾಕೆಟ್ ತಗೊಳೋದಾದ್ರೆ ಆರು ಮೂಲೇದು ತಗೊಳಿ, ರಿಂಗ್ ಸ್ಪ್ಯಾನರ್ ತಗೊಳೋದಾದ್ರೆ ಹನ್ನೆರಡು ಮೂಲೇದು ತಗೊಳಿ. ಸಾಕೆಟ್ ಅಂದ್ರೆ ಬೋಲ್ಟಿನ ತಲೆ ಮೇಲೆ ಟೋಪಿ ತರ ಕೂರೋ ಬಟ್ಟಲು, ಹ್ಯಾಂಡಲ್ ಬೇರೆ ಹಾಕ್ಬೇಕು; ರಿಂಗ್ ಸ್ಪ್ಯಾನರ್ ಅಂದ್ರೆ ಹಿಡಿ ತುದೀಲೇ ಉಂಗುರದ ತರ ಬಾಯಿ ಇರೋದು; ಮೂಲೆ ಅಂದ್ರೆ ಆ ಬಾಯಿ ಒಳಗಿನ ಮೂಲೆ. ಟೈಮ್ ಇಲ್ದೋರು ಇಷ್ಟು ಓದ್ಕೊಂಡು ಹೋದ್ರೂ ನಡೆಯುತ್ತೆ. ಒಂದೇ ಟೂಲ್ ಬಾಕ್ಸಲ್ಲಿರೋ ಎರಡು ಸಾಮಾನಿಗೆ ಎರಡು ನ್ಯಾಯ ಯಾಕಪ್ಪಾ ಅಂತ ತಲೆ ಕೆಡಿಸ್ಕೊಳೋರಿಗೆ ಮಾತ್ರ ಮುಂದಿನದು.

ಇದನ್ನ ಬರೆಯೋಕೆ ಕಾರಣ ನಮ್ ಭಾವ. ರಿಟೈರ್ ಆದ್ಮೇಲೆ ಸ್ಕೂಟರ್ ಸರ್ವೀಸು, ಮನೆ ಪಂಪ್‌ಸೆಟ್ಟು ಎಲ್ಲಾ ತಾವೇ ಮಾಡ್ಕೋಬೇಕು ಅಂತ ಹುಮ್ಮಸ್ಸು ಬಂದಿದೆ, ಸೀದಾ ಬೆಂಗಳೂರಿನ ಎಸ್.ಜೆ.ಪಿ. ರೋಡಿಗೆ ಹೋಗಿ ಅಂಗಡಿ ಮುಂದೆ ನಿಂತು ವಿಡಿಯೋ ಕಾಲ್. "ಎರಡು ಸಾಕೆಟ್ ಮೇಲೂ ಹದಿಮೂರು ಅಂತಾನೇ ಇದೆ ಕಣೋ, ಒಳಗಡೆ ನೋಡಿದ್ರೆ ಒಂದು ಸಾದಾ ಇದೆ ಇನ್ನೊಂದು ನಕ್ಷತ್ರದ ತರ ಇದೆ, ಇವನು ನೋಡಿದ್ರೆ ಎರಡೂ ಒಂದೇ ಯಾವ್ದಾದ್ರೂ ತಗೊಳಿ ಸಾರ್ ಅಂತಾನೆ" ಅಂದ್ರು. ಹಿಂದ್ಗಡೆ ಟ್ರಾಫಿಕ್ ಗಲಾಟೆ ಬೇರೆ. ಆರು ಮೂಲೇದು ತಗೊಳಿ ಭಾವ, ಯಾಕೆ ಅಂತ ಆಮೇಲೆ ಹೇಳ್ತೀನಿ ಅಂದೆ. ಆ ಆಮೇಲೆಯೇ ಈ ಪೋಸ್ಟು.

ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. 13 ಎಂಎಂ ಬೋಲ್ಟಿಗೆ ಎರಡೂ ಕೂರುತ್ತೆ, ಎರಡೂ ಬಿಚ್ಚುತ್ತೆ, ರೇಟ್ ಕೂಡ ಹೆಚ್ಚು ಕಮ್ಮಿ ಒಂದೇ. ನಮ್ ಕಡೆ ಟಪಾರಿಯಾ ತರದ ಕಂಪನಿಗಳ ಕ್ಯಾಟಲಾಗಲ್ಲಿ ಆರು ಮೂಲೇದಕ್ಕೆ ಹೆಕ್ಸ್ ಅಂತ, ಹನ್ನೆರಡು ಮೂಲೇದಕ್ಕೆ ಬೈ-ಹೆಕ್ಸ್ ಅಂತ ಇರುತ್ತೆ, ಯೂಟ್ಯೂಬಲ್ಲಿ ಅಮೆರಿಕದವ್ರು ಸಿಕ್ಸ್ ಪಾಯಿಂಟ್ ಟ್ವೆಲ್ವ್ ಪಾಯಿಂಟ್ ಅಂತಾರೆ. ಆರ್ಡರ್ ಮಾಡುವಾಗ ಕನ್‌ಫ್ಯೂಸ್ ಆಗ್ಬೇಡಿ.

ಈಗ ಒಳಗಡೆ ಏನಿದೆ ನೋಡೋಣ. ಪೇಪರ್ ಮೇಲೆ ಒಂದು ಷಟ್ಕೋನ ಬರೀರಿ, ಅದೇ ಸೈಜಿನ ಇನ್ನೊಂದನ್ನ 30 ಡಿಗ್ರಿ ತಿರುಗಿಸಿ ಅದರ ಮೇಲೇ ಬರೀರಿ, ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗಿನ ಅಂಚು ಮಾತ್ರ ಉಳಿಸ್ಕೊಳಿ. ಬೈ-ಹೆಕ್ಸ್ ಅಂದ್ರೆ ಅದೇ. ಬೋಲ್ಟಿನ ತಲೆಗೆ ಇರೋದು ಆರೇ ಮೂಲೆ, ಆದ್ರೆ ಅದು ಕೂರೋಕೆ ಜಾಗ ಹನ್ನೆರಡು ಕಡೆ ಇದೆ. ಹಾಗಾಗಿ ಆರು ಮೂಲೇದನ್ನ ತೆಗೆದು ಮತ್ತೆ ಹಾಕ್ಬೇಕಂದ್ರೆ 60 ಡಿಗ್ರಿಗೊಂದು ಸಲ ಕೂರುತ್ತೆ, ಹನ್ನೆರಡು ಮೂಲೇದು 30 ಡಿಗ್ರಿಗೊಂದು ಸಲ. ಹನ್ನೆರಡು ಮೂಲೆಯ ಇಡೀ ಲಾಭ ಇಷ್ಟೇ, ಇದನ್ನ ನೆನಪಿಟ್ಕೊಳಿ, ಯಾಕಂದ್ರೆ ಮುಂದೆ ಎಲ್ಲಾ ಇದರ ಮೇಲೇ ನಿಂತಿರೋದು.

ನಷ್ಟ ಎಲ್ಲಿದೆ ಅಂತ ನೋಡೋಕೆ ಸ್ವಲ್ಪ ಲೆಕ್ಕ ಬೇಕು. 13 ಎಂಎಂ ಅಂದ್ರೆ ಚಪ್ಪಟೆ ಬದಿಯಿಂದ ಎದುರು ಚಪ್ಪಟೆ ಬದಿಗೆ 13, ಮೂಲೆಯಿಂದ ಮೂಲೆಗೆ ಅಳೆದ್ರೆ 15 ಬರುತ್ತೆ. ಆರು ಮೂಲೆ ಸಾಕೆಟ್ ಒಳಗೆ ಮೂಲೆಯಿಂದ ಆ ಬದಿಯ ನಡುಮಧ್ಯದವರೆಗೆ 3.75 ಎಂಎಂ ನೇರ ಗೋಡೆ ಸಿಗುತ್ತೆ. ಹನ್ನೆರಡು ಮೂಲೇದ್ರಲ್ಲಿ ಅದೇ ಗೋಡೆ 2 ಎಂಎಂಗೇ ಮುಗಿದು ಹೋಗುತ್ತೆ, ಅಲ್ಲೊಂದು ಚೂಪು ಅಂಚು, ಅದರಾಚೆ ಮುಂದಿನ ಮೂಲೆ ಶುರು.

ಬಹಳ ಜನ ಏನಂದ್ಕೊಂಡಿರ್ತಾರೆ ಅಂದ್ರೆ ಸಾಕೆಟ್ಟು ಬೋಲ್ಟಿನ ಇಡೀ ಚಪ್ಪಟೆ ಬದಿಗೆ ಪೂರ್ತಿ ಅಂಟ್ಕೊಂಡು ತಿರುಗಿಸುತ್ತೆ ಅಂತ. ಹಾಗಿಲ್ಲ. ಬೋಲ್ಟ್ ಯಾವತ್ತೂ ಸಾಕೆಟ್‌ಗಿಂತ ಒಂಚೂರು ಚಿಕ್ಕದಾಗೇ ಇರ್ಬೇಕು, ಇಲ್ಲಾಂದ್ರೆ ಒಳಗೆ ಹೋಗೋದೇ ಇಲ್ವಲ್ಲ. ಎಂ8, ಅಂದ್ರೆ ಥ್ರೆಡ್ ಕಡೆ 8 ಎಂಎಂ ದಪ್ಪ ಇರೋ, ಬೋಲ್ಟಿನ 13 ಎಂಎಂ ತಲೆ ಸ್ಟ್ಯಾಂಡರ್ಡ್ ಪ್ರಕಾರ 12.73 ಇದ್ರೂ ಪಾಸು, ಮೂಲೆಯಿಂದ ಮೂಲೆಗೆ 14.38 ಇದ್ರೂ ಪಾಸು. ಹಾಗಾಗಿ ಹ್ಯಾಂಡಲ್ ಎಳೆದ ಕೂಡ್ಲೇ ಸಾಕೆಟ್ ಮೊದ್ಲು ಎರಡು ಮೂರು ಡಿಗ್ರಿ ಸುಮ್ನೆ ತಿರುಗುತ್ತೆ, ಆಮೇಲೆ ಬೋಲ್ಟಿನ ಮೂಲೆ ಹೋಗಿ ಗೋಡೆಗೆ ಒತ್ಕೊಳುತ್ತೆ. ಅಂದ್ರೆ ನೀವು ಹಾಕೋ ಬಲ ಎಲ್ಲಾ ಬೀಳೋದು ಆ ಮೂಲೆಯ ಪಕ್ಕದ ಸಣ್ಣ ಜಾಗದ ಮೇಲೆ. ಬೋಲ್ಟು ಸಾಕೆಟ್‌ಗಿಂತ ಮೆತ್ತಗಿರೋ ಸ್ಟೀಲು, ಜಾಸ್ತಿ ಬಲ ಬಿದ್ರೆ ಜಜ್ಜಿ ಹೋಗೋದು ಅದೇ.

ಈಗ ಆ 14.38ರ ಬೋಲ್ಟನ್ನೇ ಇಟ್ಕೊಳಿ. ನಟ್ಟ ನಡುವಿಂದ ಅದರ ಮೂಲೆಗೆ 7.19 ಎಂಎಂ. ಹನ್ನೆರಡು ಮೂಲೆ ಸಾಕೆಟ್ಟಿನ ಒಳಗಿನ ಚೂಪು ಅಂಚು ನಡುವಿಂದ 6.73 ಎಂಎಂ ದೂರದಲ್ಲಿರುತ್ತೆ. ವ್ಯತ್ಯಾಸ 0.46. ಅರ್ಧ ಮಿಲಿಮೀಟರೂ ಇಲ್ಲ ಕಣ್ರೀ, ಅಷ್ಟು ಮೂಲೆ ಸವೆದ್ರೆ ಸಾಕೆಟ್ ಟಕ್ ಅಂತ ಮುಂದಿನ ಮೂಲೆಗೆ ಹಾರುತ್ತೆ, ನಿಮ್ ಕೈ ಗೆಣ್ಣು ಹೋಗಿ ಎಂಜಿನ್ ಫಿನ್‌ಗೆ ಬಡಿಯುತ್ತೆ. ಆರು ಮೂಲೇದ್ರಲ್ಲಿ ಹಾಗೆ ಹಾರ್ಬೇಕಂದ್ರೆ ಮೂಲೆ 0.69 ಎಂಎಂ ಸವೀಬೇಕು, ಹತ್ತಿರ ಹತ್ತಿರ ಒಂದೂವರೆ ಪಟ್ಟು. ಹೊಸ ಬೋಲ್ಟಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಎಂ8 8.8 ಗ್ರೇಡ್ (ಬೋಲ್ಟಿನ ಗಟ್ಟಿತನದ ದರ್ಜೆ) ಬೋಲ್ಟನ್ನ ಸುಮಾರು 25 ನ್ಯೂಟನ್ ಮೀಟರಿಗೆ (ತಿರುಗಿಸೋ ಬಲದ ಅಳತೆ) ಟೈಟ್ ಮಾಡ್ತಾರೆ, ಅಷ್ಟಕ್ಕೆ ಒಳ್ಳೆ ಹನ್ನೆರಡು ಮೂಲೆ ಸಾಕೆಟ್ ಏನೂ ಜಗ್ಗಲ್ಲ. ಗೊತ್ತಾಗೋದು ಹತ್ತು ವರ್ಷ ಮಳೆ ತಿಂದು ತುಕ್ಕು ಹಿಡಿದು, ಹಿಂದೆ ಯಾರೋ ಪುಣ್ಯಾತ್ಮ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ಅರ್ಧ ಮೂಲೆ ಈಗಾಗ್ಲೇ ತಿಂದು ಹಾಕಿರೋ ಬೋಲ್ಟಿಗೆ ಕೈ ಹಾಕಿದಾಗ. ಮಂಗಳೂರು ಉಡುಪಿ ಕಡೆ ಗಾಡಿಗಳ ಸೈಲೆನ್ಸರ್ ನಟ್ಟು ನೋಡಿದೋರಿಗೆ ಹೇಳೋದೇ ಬೇಡ, ಉಪ್ಪುಗಾಳಿಗೆ ಅದು ನಟ್ಟೋ ಕಲ್ಲುಸಕ್ಕರೆನೋ ಅನ್ನೋ ಹಾಗಾಗಿರುತ್ತೆ. ಅಲ್ಲಿ ಆರು ಮೂಲೆ ಬಿಟ್ಟು ಬೇರೆ ಮಾತೇ ಇಲ್ಲ.

ಹಂಗಾದ್ರೆ ಎಲ್ಲಾ ಆರು ಮೂಲೇದೇ ತಗೊಂಡ್ರೆ ಆಯ್ತಲ್ಲ, ಹನ್ನೆರಡು ಯಾಕೆ ಬೇಕು? ಆನ್‌ಲೈನಲ್ಲಿ ಎಷ್ಟೋ ಜನ ಹೀಗೇ ಹೇಳೋದು, ಟ್ವೆಲ್ವ್ ಪಾಯಿಂಟ್ ಅಂದ್ರೆ ಬೋಲ್ಟ್ ಹಾಳು ಮಾಡೋ ಮೆಷಿನ್ನು ಎಸೀರಿ ಅಂತ. ನಂಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಇವ್ರೆಲ್ಲ ಸಾಕೆಟ್ ಬಗ್ಗೆ ಯೋಚ್ನೆ ಮಾಡಿ ಸ್ಪ್ಯಾನರ್‌ಗೂ ಅದೇ ತೀರ್ಪು ಕೊಟ್ಬಿಡ್ತಾರೆ.

ಸಾಕೆಟ್‌ನ ನೀವು ತಿರುಗಿಸೋದು ಯಾವುದ್ರಲ್ಲಿ? ಹೆಚ್ಚಿನ ಸಲ ರ್‍ಯಾಚೆಟ್ಟಲ್ಲಿ. ರ್‍ಯಾಚೆಟ್ ಅಂದ್ರೆ ಒಂದು ದಿಕ್ಕಿಗೆ ಮಾತ್ರ ಸಾಕೆಟ್ ತಿರುಗಿಸಿ, ವಾಪಸ್ ಬರುವಾಗ ಟಿಕ್ ಟಿಕ್ ಅಂತ ಸುಮ್ನೆ ಜಾರೋ ಹ್ಯಾಂಡಲ್ಲು; ಒಳಗೆ ಹಲ್ಲಿನ ಚಕ್ರ ಇರುತ್ತೆ, 24 ಹಲ್ಲಿದ್ರೆ 15 ಡಿಗ್ರಿಗೊಂದು ಟಿಕ್, 36 ಇದ್ರೆ 10 ಡಿಗ್ರಿ, 72 ಇದ್ರೆ 5 ಡಿಗ್ರಿ. ಅಂದ್ರೆ ಕೈ ಆಡಿಸೋಕೆ ಎಷ್ಟು ಜಾಗ ಬೇಕು ಅಂತ ತೀರ್ಮಾನ ಮಾಡೋದು ರ್‍ಯಾಚೆಟ್ಟು, ಸಾಕೆಟ್ ಅಲ್ವೇ ಅಲ್ಲ. ಒಂದ್ಸಲ ಬೋಲ್ಟ್ ಮೇಲೆ ಕೂತ ಸಾಕೆಟ್ ಕೆಲಸ ಮುಗಿಯೋವರೆಗೂ ಅಲ್ಲೇ ಕೂತಿರುತ್ತೆ, ಅದನ್ನ ಎತ್ತಿ ಎತ್ತಿ ಇಡೋ ಪ್ರಶ್ನೆನೇ ಬರಲ್ಲ. ಹಾಗಾದ್ಮೇಲೆ 30 ಡಿಗ್ರಿ ಅನ್ನೋ ಹನ್ನೆರಡು ಮೂಲೆಯ ಒಂದೇ ಒಂದು ಲಾಭ ಅಲ್ಲಿ ಪೂರ್ತಿ ವೇಸ್ಟು. ಲಾಭ ಸೊನ್ನೆ, ನಷ್ಟ ಮಾತ್ರ ಹಾಗೇ ಇದೆ. ಅದಕ್ಕೇ ಸಾಕೆಟ್ ಆದ್ರೆ ಕಣ್ಣು ಮುಚ್ಕೊಂಡು ಆರು ಮೂಲೆ.

ಒಂದೇ ಒಂದು ತಕರಾರು ಇದೆ. ಕತ್ತಲಲ್ಲಿ, ಉದ್ದ ಎಕ್ಸ್‌ಟೆನ್ಷನ್ ಹಾಕಿ, ಬೋಲ್ಟ್ ಕಣ್ಣಿಗೇ ಕಾಣದ ಕಡೆ ಸಾಕೆಟ್ ತೂರಿಸ್ತಿರ್ತೀವಲ್ಲ, ಆಗ ಹನ್ನೆರಡು ಮೂಲೇದು ಬೇಗ ಸಿಕ್ಕಾಕ್ಕೊಳುತ್ತೆ ಅನ್ನೋದು ನಿಜ. ಆದ್ರೆ ರ್‍ಯಾಚೆಟ್ ತೆಗೆದು ಬರೀ ಎಕ್ಸ್‌ಟೆನ್ಷನ್ ಹಿಡ್ಕೊಂಡು ಬೆರಳಲ್ಲಿ ಒಂಚೂರು ತಿರುಗಿಸಿದ್ರೆ ಆರು ಮೂಲೇದೂ ಕೂರುತ್ತೆ. ಟಾಮಿ ಬಾರ್, ಬ್ರೇಕರ್ ಬಾರ್ ತರ ರ್‍ಯಾಚೆಟ್ ಇಲ್ದಿರೋ ಹ್ಯಾಂಡಲ್ ಹಾಕಿದಾಗ ಮಾತ್ರ ಹನ್ನೆರಡು ಮೂಲೆಗೆ ಸ್ವಲ್ಪ ಬೆಲೆ ಬರುತ್ತೆ, ಹ್ಯಾಂಡಲ್ಲು ಚಾಸಿಗೆ ತಗುಲ್ದಿರೋ ಹಾಗೆ ಬೇಕಾದ ಕೋನಕ್ಕೆ ಕೂರಿಸ್ಕೋಬಹುದು. ಆದ್ರೆ ಬ್ರೇಕರ್ ಬಾರ್ ಹಾಕೋ ಬೋಲ್ಟೇ ಜಾಮ್ ಆಗಿರೋ ಬೋಲ್ಟು, ಅಲ್ಲೇ ಮೂಲೆ ತಿನ್ನೋ ಭಯ ಜಾಸ್ತಿ ಇರೋದು. ಹಾಗಾಗಿ ಆ ಲೆಕ್ಕದಲ್ಲೂ ನಾನು ಆರಕ್ಕೇ ಬರ್ತೀನಿ.

ರಿಂಗ್ ಸ್ಪ್ಯಾನರ್ ಕಥೆ ಬೇರೆ. ಅಲ್ಲಿ ರ್‍ಯಾಚೆಟ್ ಇಲ್ಲ, ಹಿಡಿನೂ ಬಾಯಿನೂ ಒಂದೇ ತುಂಡು. ಪ್ರತಿ ಸಲ ಎಳೆದಾದ್ಮೇಲೆ ಎತ್ತಿ ಹಿಂದಕ್ಕೆ ಇಟ್ಟು ಮತ್ತೆ ಎಳೀಬೇಕು. ಮತ್ತೆ ನಾವು ರಿಂಗ್ ಸ್ಪ್ಯಾನರ್ ತಗೊಳೋದೇ ಸಾಕೆಟ್ಟು ರ್‍ಯಾಚೆಟ್ಟು ಎರಡೂ ಸೇರಿ ತೂರದೇ ಇರೋ ಇಕ್ಕಟ್ಟಲ್ಲಿ. ಕಾರಿನ ಆಲ್ಟರ್ನೇಟರ್ ಬೋಲ್ಟು ಬಿಚ್ಚೋಕೆ ಹೋದೋರಿಗೆ ಗೊತ್ತಿರುತ್ತೆ, ಒಂದ್ಕಡೆ ಬಾಡಿ, ಒಂದ್ಕಡೆ ಹೋಸು, ಸ್ಪ್ಯಾನರ್ ಆಡೋಕೆ ಅಂಗೈ ಅಗಲ ಜಾಗ. ಆರು ಮೂಲೆ ರಿಂಗ್ ಆದ್ರೆ ಪ್ರತಿ ಸಲ 60 ಡಿಗ್ರಿ, ಅಂದ್ರೆ ಗಡಿಯಾರದ ಮುಳ್ಳು 12ರಿಂದ 2ಕ್ಕೆ ಹೋಗೋವಷ್ಟು ಜಾಗ ಬೇಕು. ಅಷ್ಟಿಲ್ಲ ಅಂದ್ರೆ ಮುಂದಿನ ಮೂಲೆ ಸಿಗೋದೇ ಇಲ್ಲ, ಕೆಲಸ ಅಲ್ಲೇ ನಿಂತೋಯ್ತು. ಹನ್ನೆರಡು ಮೂಲೆ ಆದ್ರೆ ಅದರ ಅರ್ಧ ಸಾಕು. ಇಲ್ಲಿ ಲಾಭ ದೊಡ್ಡದು, ನಷ್ಟ ಇದ್ರೂ ತಗೋಬೇಕಾದ್ದೇ. ಕಂಪನಿಗಳೂ ಸುಮ್ನೆ ಏನಲ್ಲ, ಮಾರ್ಕೆಟ್ಟಲ್ಲಿ ಸಿಗೋ ರಿಂಗ್ ಸ್ಪ್ಯಾನರು, (ಒಂದು ತುದಿ ಓಪನ್, ಇನ್ನೊಂದು ತುದಿ ರಿಂಗ್ ಇರೋ) ಕಾಂಬಿನೇಷನ್ ಸ್ಪ್ಯಾನರಿನ ರಿಂಗ್ ಕಡೆ, ಹೆಚ್ಚಿನವೆಲ್ಲ ಬೈ-ಹೆಕ್ಸೇ ಇರೋದು. ಆರು ಮೂಲೇದು ಬೇಕಂದ್ರೆ ಹುಡುಕ್ಬೇಕಾಗುತ್ತೆ.

ಓಪನ್ ಸ್ಪ್ಯಾನರ್, ಅಂದ್ರೆ ಎರಡೂ ಕಡೆ ಬಾಯಿ ತೆರೆದಿರೋ ಡಬಲ್ ಎಂಡ್ ಸ್ಪ್ಯಾನರು, ಅದಕ್ಕೂ ಇದೇ ಸಮಸ್ಯೆ, ಅದಕ್ಕೇ ಅದರ ಬಾಯಿನ ಹಿಡಿಗೆ 15 ಡಿಗ್ರಿ ಓರೆಯಾಗಿ ಇಟ್ಟಿರ್ತಾರೆ. ಒಂದ್ಸಲ ಎಳೆದು ಸ್ಪ್ಯಾನರ್‌ನ ಮಗುಚಿ ಹಾಕಿ ಎಳೆದ್ರೆ ಅದೂ 30 ಡಿಗ್ರಿ ಜಾಗದಲ್ಲಿ ಕೆಲಸ ಮಾಡುತ್ತೆ. ಈ ಮಗುಚೋದು ಗೊತ್ತಿಲ್ದೆ ಎಷ್ಟೋ ಜನ ಒಂದೇ ಕಡೆಯಿಂದ ಒದ್ದಾಡ್ತಿರೋದನ್ನ ನೋಡಿದೀನಿ. ಹಿಡಿತದ ವಿಷಯಕ್ಕೆ ಬಂದ್ರೆ ಮಾತ್ರ ಓಪನ್ ಸ್ಪ್ಯಾನರ್ ಹಿಡಿಯೋದು ಎರಡೇ ಮೂಲೆ, ಹನ್ನೆರಡು ಮೂಲೆ ರಿಂಗ್ ಹಿಡಿಯೋದು ಆರೂ ಮೂಲೆ. ಹನ್ನೆರಡು ಮೂಲೆನ ಬೈಯೋರು ಅದರ ಬದಲಿಗೆ ಓಪನ್ ಸ್ಪ್ಯಾನರ್ ಹಾಕ್ತಾರಲ್ಲ, ಅದು ನಂಗೆ ಅರ್ಥ ಆಗದೇ ಇರೋ ವಿಷಯ.

ರಿಂಗಲ್ಲೂ ಆರು ಮೂಲೇದು ಬೇಕೇ ಬೇಕು ಅನ್ನೋ ಜಾಗ ಒಂದಿದೆ: ಬ್ರೇಕ್ ಬ್ಲೀಡರ್ ನಿಪ್ಪಲ್, ಅಂದ್ರೆ ಬ್ರೇಕ್ ಆಯಿಲಲ್ಲಿ ಸೇರಿರೋ ಗಾಳಿ ಹೊರಗೆ ಬಿಡೋ ಸಣ್ಣ ಸ್ಕ್ರೂ. ಬೈಕ್ ಡಿಸ್ಕ್ ಬ್ರೇಕಲ್ಲಿ ಸಾಮಾನ್ಯವಾಗಿ 8 ಎಂಎಂ, ಕಾರಲ್ಲಿ 8 ಇಲ್ಲಾ 10. ಒಳಗಡೆ ಆಯಿಲ್ ಬರೋಕೆ ತೂತು ಇರೋದ್ರಿಂದ ಅದು ಪೊಳ್ಳು, ಕ್ಯಾಲಿಪರ್ (ಡಿಸ್ಕನ್ನ ಅದುಮಿ ಹಿಡಿಯೋ ಭಾಗ) ಒಳಗೆ ಕೂತು ತುಕ್ಕು ಹಿಡಿದಿರುತ್ತೆ, ಮೂಲೆ ಅಂತ ಇರೋದೇ ಒಂಚೂರು. ಇದನ್ನ ತೆಗೆಯೋವಾಗ ಮೊದ್ಲು ರಬ್ಬರ್ ಕ್ಯಾಪ್ ಕಿತ್ತು ವೈರ್ ಬ್ರಷ್ಷಲ್ಲಿ ಆರೂ ಮುಖ ಉಜ್ಜಿ, ಮಣ್ಣು ತುಕ್ಕು ಇದ್ರೆ ಯಾವ ಸ್ಪ್ಯಾನರೂ ಪೂರ್ತಿ ಕೆಳಗೆ ಇಳಿಯಲ್ಲ. ಬುಡಕ್ಕೆ ತುಕ್ಕು ಬಿಡಿಸೋ ಆಯಿಲ್ ಒಂಚೂರು ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಡಿಸ್ಕಿಗೂ ಪ್ಯಾಡಿಗೂ ತಾಗದ ಹಾಗೆ ನೋಡ್ಕೊಳಿ. ಆಮೇಲೆ ಆರು ಮೂಲೆ ರಿಂಗ್ ಅಥವಾ ಸಾಕೆಟ್ ಹಾಕಿ, ಪೂರ್ತಿ ಕೂತಿದೆ ಅಂತ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡು ಮೊದಲನೇ ಕಾಲು ಸುತ್ತು ಅದರಲ್ಲೇ ಸಡಿಲ ಮಾಡಿ. ಲೂಸ್ ಆದ್ಮೇಲೆ ಪೈಪ್ ಹಾಕಿ ಬ್ಲೀಡ್ ಮಾಡುವಾಗ ಹನ್ನೆರಡು ಮೂಲೆ ಹಾಕಿದ್ರೂ ಓಪನ್ ಸ್ಪ್ಯಾನರ್ ಹಾಕಿದ್ರೂ ಪರ್ವಾಗಿಲ್ಲ, ಕಷ್ಟ ಇರೋದೆಲ್ಲ ಆ ಮೊದಲ ಕ್ಷಣದಲ್ಲೇ. ಇದರ ಮೂಲೆ ಹೋಯ್ತಂದ್ರೆ ಮತ್ತೆ ಗ್ರಿಪ್ ಪ್ಲೈಯರ್ರು, ನಿಪ್ಪಲ್ಲು ಮುರಿದು ಕ್ಯಾಲಿಪರಲ್ಲೇ ಉಳಿದ್ಕೊಂಡ್ರೆ ಖರ್ಚು ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು. ಅದಕ್ಕೇ ಒಂದು 8, ಒಂದು 10, ಎರಡು ಆರು ಮೂಲೆ ರಿಂಗ್ ಸ್ಪ್ಯಾನರ್ ಬಿಡಿಯಾಗಿ ತಗೊಂಡು ಬ್ರೇಕ್ ಕೆಲಸಕ್ಕೆ ಅಂತಾನೇ ಇಟ್ಬಿಡಿ. ಬ್ರೇಕ್ ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರ್ ಅಂತ ಬೇರೆನೇ ಬರುತ್ತೆ, ರಿಂಗಿನಲ್ಲಿ ಪೈಪು ತೂರೋವಷ್ಟು ಒಂದು ಕಡೆ ಕತ್ತರಿಸಿರ್ತಾರೆ, ಅದೂ ಆರು ಮೂಲೇದೇ ನೋಡಿ ತಗೊಳಿ.

ಇನ್ನು ಆರು ಮೂಲೆ ಕೂರೋದೇ ಇಲ್ಲ, ಹನ್ನೆರಡೇ ಬೇಕು ಅನ್ನೋ ಬೋಲ್ಟುಗಳೂ ಇವೆ, ಬೋಲ್ಟಿನ ತಲೆಗೇ ಹನ್ನೆರಡು ಮೂಲೆ. ವಿಮಾನದ ಎಂಜಿನ್ ಕಡೆ ಇದು ಮಾಮೂಲಿ, ಬೆಂಗಳೂರಲ್ಲಿ ಎಚ್‌ಎಎಲ್ ಕಡೆಯೋರು ಪರಿಚಯ ಇದ್ರೆ ಕೇಳಿ ನೋಡಿ. ರೇಸಿಂಗ್ ಎಂಜಿನ್ನಿನ ಹೆಡ್ ಸ್ಟಡ್ ನಟ್ಟು, ಕೆಲವು ಕಾರುಗಳ ಕನೆಕ್ಟಿಂಗ್ ರಾಡ್ ಬೋಲ್ಟು ಕೂಡ ಹೀಗಿರುತ್ತೆ. ಕಾರಣ ಏನಂದ್ರೆ ಅದೇ ದಪ್ಪದ ಬೋಲ್ಟಿಗೆ ತಲೆ ಚಿಕ್ಕದು ಮಾಡಬಹುದು, ಕೆಳಗಡೆ ವಾಷರ್ ತರ ಅಗಲ ಫ್ಲೇಂಜ್ ಕೊಡಬಹುದು, ಚಿಕ್ಕ ಸಾಕೆಟ್ಟು ಇಕ್ಕಟ್ಟಲ್ಲಿ ತೂರುತ್ತೆ. ಅಲ್ಲಿ ಹನ್ನೆರಡಕ್ಕೆ ಹನ್ನೆರಡೂ ಮೂಲೆ ಒಟ್ಟಿಗೆ ಹಿಡಿಯೋದ್ರಿಂದ ಮೂಲೆ ತಿನ್ನೋ ಪ್ರಶ್ನೆ ಅಷ್ಟಾಗಿ ಬರಲ್ಲ. ಮನೆ ಮಟ್ಟದಲ್ಲಿ ಇದು ಎದುರಾಗೋದು ಸ್ಪಾರ್ಕ್ ಪ್ಲಗ್ಗಲ್ಲಿ, ಬಿಎಂಡಬ್ಲ್ಯು, ಮಿನಿ ಕೆಲವು ಎಂಜಿನ್ನುಗಳಿಗೆ 14 ಎಂಎಂ ಬೈ-ಹೆಕ್ಸ್ ಪ್ಲಗ್ ಬರುತ್ತೆ, ಅದಕ್ಕೆ ತೆಳು ಗೋಡೆಯ ಹನ್ನೆರಡು ಮೂಲೆ ಪ್ಲಗ್ ಸಾಕೆಟ್ಟೇ ಬೇಕು. ನಮ್ ಸ್ಪ್ಲೆಂಡರ್ ಆಕ್ಟಿವಾ ಆಲ್ಟೋ ಕೂಟಕ್ಕೆ ಆ ತಲೆನೋವಿಲ್ಲ.

ಈಗ ನಕ್ಷತ್ರ ತಲೆ ಬೋಲ್ಟು ನೋಡಿ ಇದಕ್ಕೂ ಹನ್ನೆರಡು ಮೂಲೆ ಕೂರುತ್ತೆ ಅಂತ ತುರುಕೋರು ಇದಾರೆ. ಅದು ಇ-ಟಾರ್ಕ್ಸ್, ಅದಕ್ಕಿರೋದು ಆರು ದುಂಡು ಕೋಡು. ಹನ್ನೆರಡು ಮೂಲೆ ಸಾಕೆಟ್ ಮೇಲ್ನೋಟಕ್ಕೆ ಕೂರುತ್ತೆ, ಸ್ವಲ್ಪ ಲೂಸ್ ಬೋಲ್ಟ್ ಆದ್ರೆ ಬಿಚ್ಚಿನೂ ಬಿಡುತ್ತೆ, ಟೈಟ್ ಇದ್ರೆ ಕೋಡು ಕೆರೆದು ಹಾಕುತ್ತೆ. ಇ-ಟಾರ್ಕ್ಸ್ ಸಾಕೆಟ್ ಸೆಟ್ ಬೇರೆ ಸಿಗುತ್ತೆ, ಅದನ್ನೇ ತಗೊಳಿ.

ಇಷ್ಟೆಲ್ಲ ಹೇಳಿದ್ಮೇಲೆ ಒಂದು ಮಾತು, ಮೂಲೆ ಎಷ್ಟು ಅನ್ನೋದಕ್ಕಿಂತ ಫಿಟ್ಟಿಂಗ್ ಎಷ್ಟು ಬಿಗಿ ಅನ್ನೋದು ದೊಡ್ಡದು. ಆನ್‌ಲೈನಲ್ಲಿ 46 ಪೀಸ್ ಸೆಟ್ ಅಂತ ಕಾಲು ಇಂಚಿನ ರ್‍ಯಾಚೆಟ್ ಜೊತೆ ಬರುತ್ತಲ್ಲ, ಅದರಲ್ಲಿರೋ ಸಾಕೆಟ್ಟೆಲ್ಲ ಆರು ಮೂಲೇದೇ. ಹಾಗಂತ ಒಳ್ಳೆ ಕಂಪನಿಯ ಹನ್ನೆರಡು ಮೂಲೇದಕ್ಕಿಂತ ಅದು ಮೇಲು ಅಂತೇನಿಲ್ಲ. ಕೆಲವು ಸೆಟ್ಟಲ್ಲಿ ಬೋಲ್ಟ್ ಹಾಕಿ ಅಲ್ಲಾಡಿಸಿದ್ರೆ ಗಿಲಗಿಲ ಅನ್ನುತ್ತೆ. ಮೇಲೆ ಹೇಳಿದ ಲೆಕ್ಕ ನೆನಪಿಸ್ಕೊಳಿ, ನಮ್ ಹತ್ರ ಇರೋ ಮಾರ್ಜಿನ್ನೇ ಅರ್ಧ ಎಂಎಂ, ಅದರಲ್ಲಿ ಸಾಕೆಟ್ಟೇ ಕಾಲು ಎಂಎಂ ದೊಡ್ಡದಾಗಿ ಬಂದ್ರೆ ಉಳಿಯೋದೇನು. ಅಂಗಡಿಗೆ ಹೋಗುವಾಗ ಹಾರ್ಡ್‌ವೇರ್ ಅಂಗಡೀಲಿ ಹೊಸ ಎಂ8 ಬೋಲ್ಟ್ ಒಂದು ತಗೊಂಡು ಜೇಬಲ್ಲಿಟ್ಕೊಂಡು ಹೋಗಿ. 13ರ ಸಾಕೆಟ್ ಅದರ ಮೇಲೆ ಇಟ್ಟು ಎಡಕ್ಕೆ ಬಲಕ್ಕೆ ಆಡಿಸಿ, ಎರಡು ಮೂರು ಬ್ರ್ಯಾಂಡ್ ಹೋಲಿಸಿ ನೋಡಿದ್ರೆ ಕೈಗೇ ಗೊತ್ತಾಗುತ್ತೆ.

ಸಾಕೆಟ್ ಬಾಯಿ ಒಳಗೂ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಮೂಲೆಗಳು ಪೂರ್ತಿ ಚೂಪಾಗಿಲ್ದೆ ಸಣ್ಣದಾಗಿ ದುಂಡಗೆ ಕೊರೆದಿದ್ರೆ ಒಳ್ಳೇದು, ಹಾಗಿದ್ರೆ ಬಲ ಬೋಲ್ಟಿನ ತುದಿ ಮೂಲೆ ಬಿಟ್ಟು ಸ್ವಲ್ಪ ಒಳಗಿನ ಚಪ್ಪಟೆ ಭಾಗದ ಮೇಲೆ ಬೀಳುತ್ತೆ. ಇದನ್ನ ಮೊದ್ಲು ಫ್ಲ್ಯಾಂಕ್ ಡ್ರೈವ್ ಅಂತ ತಂದಿದ್ದು ಅಮೆರಿಕದ ಸ್ನ್ಯಾಪ್-ಆನ್, ಈಗ ಬೇರೆ ಬೇರೆ ಹೆಸರಲ್ಲಿ ಎಲ್ಲರೂ ಮಾಡ್ತಾರೆ, ಆರಲ್ಲೂ ಬರುತ್ತೆ ಹನ್ನೆರಡಲ್ಲೂ ಬರುತ್ತೆ. ಇನ್ನೊಂದು, ಬಾಯಿ ಅಂಚಲ್ಲಿ ಬೋಲ್ಟ್ ಸುಲಭವಾಗಿ ಒಳಗೆ ಹೋಗ್ಲಿ ಅಂತ ಇಳಿಜಾರು ಕೊಟ್ಟಿರ್ತಾರೆ, ಅದು ಜಾಸ್ತಿ ಆಳ ಇರಬಾರದು. ಎಂ8 ಬೋಲ್ಟಿನ ತಲೆ ಎತ್ತರ ಇರೋದೇ 5.3 ಎಂಎಂ, ಎಂ6ದು 4 ಎಂಎಂ, ಅದರಲ್ಲಿ ಒಂದೂವರೆ ಎಂಎಂ ಇಳಿಜಾರಿಗೇ ಹೋದ್ರೆ ಹಿಡಿತ ಎಲ್ಲಿಂದ ಬರ್ಬೇಕು? ಫೋರ್ಕ್ ಮೇಲಿನ ಕ್ಯಾಪ್ ತರ ತೆಳ್ಳಗಿರೋ ದೊಡ್ಡ ನಟ್ಟಿಗೆ ಅಂತ ಕೆಲವ್ರು ಸಾಕೆಟ್ ಬಾಯಿನ ಗ್ರೈಂಡಿಂಗ್ ವೀಲಲ್ಲಿ ಸಪಾಟು ಮಾಡಿಸ್ಕೊಳೋದು ಇದಕ್ಕೇ.

ನಮ್ ಬೈಕ್ ಗ್ಯಾರೇಜುಗಳಲ್ಲಿ ಟಿ-ಸ್ಪ್ಯಾನರ್ ಇಲ್ದೆ ಕೆಲಸನೇ ನಡೆಯಲ್ಲ, 8, 10, 12, 14, ಮೆಕ್ಯಾನಿಕ್ ಹುಡುಗ್ರು ಅದನ್ನ ಅಂಗೈಯಲ್ಲಿ ಗಿರ್ರಂತ ತಿರುಗಿಸೋದೇ ನೋಡೋಕೆ ಚಂದ. ಗಮನಿಸಿದ್ರೆ ಅವೆಲ್ಲ ಆರು ಮೂಲೆ. ಟಿ-ಸ್ಪ್ಯಾನರ್ ಪೂರ್ತಿ ಸುತ್ತು ಹೊಡೆಯೋಕೆ ಜಾಗ ಇರೋ ಕಡೆನೇ ಬಳಸೋದು, 30 ಡಿಗ್ರಿ ಲೆಕ್ಕ ಅಲ್ಲಿ ಬೇಕಾಗಿಲ್ಲ. ಗಾಡಿ ಜೊತೆ ಟೂಲ್ ಕಿಟ್ಟಲ್ಲಿ ಕೊಡೋ ಪ್ಲಗ್ ಪಾನಾನೂ ಆರೇ ಮೂಲೆ. ಪಂಚರ್ ಅಂಗಡಿ ಗನ್ನಿಗೆ ಹಾಕೋ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟು ಕೂಡ ಬಹುತೇಕ ಆರೇ, ಅದು ಕ್ರೋಮ್ ಮಾಲಿಬ್ಡಿನಮ್ ಸ್ಟೀಲು, ಹೊಡೆತ ತಡೆಯುತ್ತೆ. ಹೊಳೆಯೋ ಕ್ರೋಮ್ ವೆನೇಡಿಯಂ ಸಾಕೆಟ್‌ನ ದಯವಿಟ್ಟು ಇಂಪ್ಯಾಕ್ಟ್ ಗನ್ನಿಗೆ ಹಾಕ್ಬೇಡಿ, ಆರಿರಲಿ ಹನ್ನೆರಡಿರಲಿ, ಸಿಡಿದ್ರೆ ಚೂರು ಕಣ್ಣಿಗೇ ಬರೋದು.

ಮೂಲೆ ಈಗಾಗ್ಲೇ ಹೋಗಿರೋ ಬೋಲ್ಟಿಗೆ ಏನ್ ಮಾಡೋದು ಅಂತ ಕೇಳ್ತೀರಿ. ಮೊದ್ಲು ಆರು ಮೂಲೇದು, ಸುತ್ತಿಗೇಲಿ ಮೆಲ್ಲಗೆ ಹೊಡೆದು ಕೂರಿಸಿ. ಲೂಸ್ ಅನ್ಸಿದ್ರೆ ಒಂಚೂರು ಚಿಕ್ಕದು ಇಂಚಿನ ಸೈಜಲ್ಲಿ ಸಿಗುತ್ತೆ, 13ಕ್ಕೆ ಅರ್ಧ ಇಂಚಿಂದು, ಅದು 12.7. 16ಕ್ಕೆ 5/8, ಅದು 15.88. ಹಳೇ ಫಿಟ್ಟರ್‌ಗಳು ಇಂಥಾ ಕಡೆ ಬೇಕಂತಾನೇ ಸವೆದ ಹನ್ನೆರಡು ಮೂಲೆ ಸಾಕೆಟ್‌ನ ಹೊಡೆದು ಕೂರಿಸ್ತಾರೆ, ಒಳಗಿನ ಹನ್ನೆರಡು ಚೂಪು ಅಂಚು ಉಳಿದಿರೋ ಲೋಹನ ಕಚ್ಕೊಳುತ್ತೆ ಅಂತ. ಅದು ಕೆಲಸ ಮಾಡುತ್ತೆ ನಿಜ, ಆದ್ರೆ ಸಾಕೆಟ್ಟು ಆ ಕೆಲಸಕ್ಕೇ ಬಲಿ ಅಂದ್ಕೊಂಡು ಹೊಡೀಬೇಕು. ಅದೂ ಆಗ್ಲಿಲ್ಲ ಅಂದ್ರೆ ಮೇಲೊಂದು ನಟ್ಟಿಟ್ಟು ವೆಲ್ಡಿಂಗ್ ಹೊಡೆಸೋದು, ಆ ಬಿಸಿಗೇ ಅರ್ಧ ಸಡಿಲ ಆಗಿರುತ್ತೆ.

ಹಳೇ ಬುಲೆಟ್ ಇಟ್ಕೊಂಡೋರಿಗೆ ಒಂದು ವಿಶೇಷ ಸೂಚನೆ. ಹಳೇ ಮಾಡೆಲ್‌ಗಳಲ್ಲಿ ಬ್ರಿಟಿಷ್ ವಿಟ್‌ವರ್ತ್ ಸೈಜುಗಳು ಬರುತ್ತೆ, ಅದರ ಸ್ಪ್ಯಾನರ್ ಮೇಲೆ ಬರೆದಿರೋದು ಬೋಲ್ಟಿನ ದಪ್ಪ, ತಲೆ ಅಳತೆ ಅಲ್ಲ. ಕಾಲು ಇಂಚು ವಿಟ್‌ವರ್ತ್ ಬೋಲ್ಟಿನ ತಲೆ 0.525 ಇಂಚು, ಅಂದ್ರೆ 13.3 ಎಂಎಂ. 13 ಒಳಗೆ ಹೋಗಲ್ಲ, 14 ಹಾಕಿದ್ರೆ ಸಡಿಲ. ನಮ್ಮೋರೆಲ್ಲ ಏನ್ ಮಾಡ್ತಾರೆ, 14 ಹಾಕಿ ತಿರುಗಿಸ್ತಾರೆ. ಅದೂ ಹನ್ನೆರಡು ಮೂಲೇದು ಹಾಕಿದ್ರೆ ಮೂಲೆ ತಿನ್ನೋದಕ್ಕೆ ಮುಹೂರ್ತ ಇಟ್ಟ ಹಾಗೇ. ಒಂದು ವಿಟ್‌ವರ್ತ್ ಸೆಟ್ ಹುಡುಕಿ ಇಟ್ಕೊಳಿ, ಬೆಂಗಳೂರಲ್ಲಾದ್ರೆ ಕೆ.ಆರ್. ಮಾರ್ಕೆಟ್ ಹತ್ರ ಸಂಡೇ ಬಜಾರಲ್ಲಿ ಸೆಕೆಂಡ್ ಹ್ಯಾಂಡ್ ಟೂಲ್ ಹರವಿ ಕೂತಿರ್ತಾರೆ, ತಾಳ್ಮೆ ಇದ್ರೆ ಇಂಗ್ಲೆಂಡ್ ಸ್ಪ್ಯಾನರೇ ಸಿಗಬಹುದು. ತಗೊಳೋ ಮುಂಚೆ ಬಾಯಿ ಅಗಲ ಆಗಿದ್ಯಾ, ರಿಂಗ್ ಒಳಗಿನ ಅಂಚು ಮಡಚಿದ್ಯಾ ನೋಡಿ.

ಕೊನೇದಾಗಿ ಯಾವ ಸೈಜು ಅಂತ. ಹೋಂಡಾ, ಹೀರೋ, ಯಮಹಾ, ಮಾರುತಿ ತರ ಜಪಾನ್ ಮೂಲದ ಗಾಡಿ ಆದ್ರೆ 8, 10, 12, 14, 17, 19 ಇದ್ರೆ ಬಹುತೇಕ ಕೆಲಸ ಆಯ್ತು, ಅಲ್ಲಿ ಎಂ8 ಬೋಲ್ಟಿಗೆ 12ರ ತಲೆ ಇರುತ್ತೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ತರದ್ದಾದ್ರೆ ಅದೇ ಎಂ8ಗೆ 13, ಜೊತೆಗೆ 16, 18 ಬೇಕಾಗುತ್ತೆ. ವೀಲ್ ನಟ್ಟು ಮಾರುತಿಗೆ ಸಾಮಾನ್ಯವಾಗಿ 19, ಹುಂಡೈಗೆ 21. ದೊಡ್ಡ ಸೆಟ್ ತಗೊಂಡ್ರೆ ಅದರಲ್ಲಿ ಅರ್ಧ ಯಾವತ್ತೂ ಡಬ್ಬಿಯಿಂದ ಈಚೆ ಬರಲ್ಲ, ಅದಕ್ಕಿಂತ ಈ ಸೈಜುಗಳನ್ನ ಬಿಡಿಬಿಡಿಯಾಗಿ ಆರು ಮೂಲೆ ಸಾಕೆಟ್ ತಗೊಂಡು, ಒಂದು 72 ಹಲ್ಲಿನ ರ್‍ಯಾಚೆಟ್ ಹಾಕ್ಕೊಳಿ, ಸ್ಪ್ಯಾನರ್ ಮಾತ್ರ ಮಾಮೂಲಿ ಬೈ-ಹೆಕ್ಸ್ ಕಾಂಬಿನೇಷನ್ ಸೆಟ್ಟೇ ಇರಲಿ. ಸಾಕೆಟ್ ಬಿಡಿಯಾಗಿ ತಗೊಳುವಾಗ ಹಿಂದಿನ ಚೌಕ ತೂತು ನಿಮ್ ರ್‍ಯಾಚೆಟ್ಟಿಗೆ ಹೊಂದೋದೇನಾ ಅಂತ ನೋಡ್ಕೊಳಿ, ಕಾಲು ಇಂಚು, 3/8, ಅರ್ಧ ಇಂಚು ಮೂರೂ ಒಂದೇ ಟ್ರೇಲಿ ಕಲಸಿಟ್ಟಿರ್ತಾರೆ. ಬೈಕಿಗೆ 3/8 ಸಾಕು, ಕಾರಿನ ವೀಲ್ ನಟ್ಟು, ಸಸ್ಪೆನ್ಷನ್ ಅಂತ ಹೋಗೋರಾದ್ರೆ ಅರ್ಧ ಇಂಚು ತಗೊಳಿ.